‘ಇಲ್ಲ’ ಅಂದಾಗ ಕೈಗೆ ಏನು ಉಳಿಯುತ್ತದೆ? ಸ್ಟಾರ್ಟಪ್ ಹಣಕ್ಕೆ ಎಲ್ಲಿ ಅರ್ಜಿ ಹಾಕೋದು ಅನ್ನುವವರಿಗೆ

ಮೇಲ್ ಬಂದಿದ್ದು ರಾತ್ರಿ ಹನ್ನೊಂದೂವರೆಗೆ. ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ನಾನು, ನನ್ನ ಜೊತೆಗಾರ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಆರು ಸಾಲಿನ ಮೇಲ್. ಮೊದಲ ಸಾಲಿನಲ್ಲಿ ಥ್ಯಾಂಕ್ಸ್, ಎರಡನೆಯದರಲ್ಲಿ ‘ಈ ಸಲ ಆಗಲಿಲ್ಲ’, ಉಳಿದ ನಾಲ್ಕು ಸಾಲು ಸಮಾಧಾನ. ಯಾಕೆ ಆಗಲಿಲ್ಲ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಜೊತೆಗಾರ ಮೂರು ಸಲ ಓದಿ, ‘ಇದ್ರಲ್ಲಿ ಹೆಸರು ಬಿಟ್ರೆ ನಮ್ದು ಅನ್ನೋದು ಏನೂ ಇಲ್ವಲ್ಲೋ’ ಅಂದ. ಆ ಒಂದು ಅರ್ಜಿಗೆ ಐದು ವಾರ ಬೇರೆ ಕೆಲಸ ಬಿಟ್ಟು ಕೂತಿದ್ದೆವು.

ನಮ್ಮದು ಚಿಕ್ಕ ಕಂಪನಿ. ಆಲೆಮನೆಗೆ ಒಂದು ಮೀಟರ್ ಮಾಡುತ್ತೇವೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಕುದ್ದು ಪಾಕವಾಗಿ ಹದಕ್ಕೆ ಬರುವಾಗ ಬಿಸಿ ಸುಮಾರು 118 ಡಿಗ್ರಿ ಇರುತ್ತದೆ. ಸ್ವಲ್ಪ ಮುಂಚೆ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಬೆಲ್ಲ ಕಪ್ಪಾಗುತ್ತದೆ. ಹದ ನೋಡುವ ಹಿರಿಯರು ಒಂದು ಚೂರು ಪಾಕ ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾರೆ. ‘ಇಳ್ಸಿ’ ಅನ್ನುತ್ತಾರೆ. ಅಷ್ಟೇ. ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ಆ ಬೆರಳಿನ ಲೆಕ್ಕವನ್ನು ಮೀಟರಿಗೆ ಇಳಿಸುವುದು ನಮ್ಮ ಉದ್ಯೋಗ.

ಮೂರು ವರ್ಷದಲ್ಲಿ ಐದು ಕಡೆ ದುಡ್ಡು ಕೇಳಿದೆವು. ನಾಲ್ಕು ಕಡೆ ಇಲ್ಲ ಅಂದರು. ಈಗ ಮೈಸೂರಿನ, ಮಂಡ್ಯದ ಹುಡುಗರು, ಹುಡುಗಿಯರು ಫೋನ್ ಮಾಡಿ ‘ಎಲ್ಲಿ ಹಾಕೋಣ?’ ಅಂತ ಕೇಳುತ್ತಾರೆ. ಅವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ: ಇಲ್ಲಿ ಇಷ್ಟು ಲಕ್ಷ, ಅಲ್ಲಿ ಅಷ್ಟು ಕೋಟಿ. ನಾನು ಆ ಲೆಕ್ಕ ಬಿಟ್ಟು ಬೇರೆ ಲೆಕ್ಕ ಕೇಳುತ್ತೇನೆ. ಇಂಥ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಬರುವ ಉತ್ತರ ‘ಇಲ್ಲ’ ತಾನೆ? ಹಾಗಿದ್ದರೆ ಯಾರ ‘ಇಲ್ಲ’ ಬೇಗ ಬರುತ್ತದೆ? ಯಾರು ಕಾರಣ ಹೇಳುತ್ತಾರೆ? ಅರ್ಜಿಗಾಗಿ ಮಾಡಿದ ಕೆಲಸ ಆಮೇಲೆ ಬೇರೆ ಕಡೆ ಉಪಯೋಗಕ್ಕೆ ಬರುತ್ತದಾ? ಅದೇ ಬಾಗಿಲನ್ನು ಮತ್ತೆ ತಟ್ಟಬಹುದಾ? ಈ ಹೋಲಿಕೆ ಅದೇ ಲೆಕ್ಕದ ಮೇಲೆ ನಿಂತಿದೆ.

ಅರ್ಜಿಗೂ ಮುಂಚೆ ಒಂದು ಮಾತು

ಕಂಪನಿ ನೋಂದಣಿಗೆ ಅವಸರ ಮಾಡಬೇಡಿ. ಹಾಗಂತ ಪ್ರೊಪ್ರೈಟರ್‌ಶಿಪ್‌ನಲ್ಲೇ ಇರಲೂ ಬೇಡಿ. ಎರಡೂ ತಪ್ಪನ್ನು ಮಾಡಿದವರನ್ನು ಹತ್ತಿರದಿಂದ ನೋಡಿದ್ದೇನೆ.

ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿ ಕೊಡುವ ‘ಸ್ಟಾರ್ಟಪ್’ ಮಾನ್ಯತೆ ಇಲ್ಲದೆ, ಹೊಸ ಕಂಪನಿಗಳಿಗೆ ಕೇಂದ್ರ ಕೊಡುವ ಸೀಡ್ ಫಂಡ್‌ನಂಥ ಯೋಜನೆಗಳ ಬಾಗಿಲು ತೆರೆಯುವುದೇ ಇಲ್ಲ. ಆ ಮಾನ್ಯತೆಗೆ ದುಡ್ಡು ಕಟ್ಟಬೇಕಿಲ್ಲ. ಆದರೆ ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆ ಆಗಿರಬೇಕು. ಒಬ್ಬರೇ ಮಾಲೀಕರಾದ ಪ್ರೊಪ್ರೈಟರ್‌ಶಿಪ್‌ಗೆ ಸಿಗುವುದಿಲ್ಲ. ಹಾಗಾದರೆ ಇವತ್ತೇ ಪ್ರೈವೇಟ್ ಲಿಮಿಟೆಡ್ ಮಾಡಿಸಿಬಿಡೋಣ ಅಂತ ಸಿಎ ಹತ್ತಿರ ಓಡಿದರೆ ಇನ್ನೊಂದು ಗಡಿಯಾರ ಶುರುವಾಗುತ್ತದೆ. ಸೀಡ್ ಫಂಡ್‌ಗೆ ಅರ್ಜಿ ಹಾಕುವ ದಿನಕ್ಕೆ ಕಂಪನಿ ಹುಟ್ಟಿ ಎರಡು ವರ್ಷ ದಾಟಿರಬಾರದು. ಕಾಲೇಜಿನ ಕೊನೆಯ ವರ್ಷದಲ್ಲಿ ಹುಮ್ಮಸ್ಸಿಗೆ ನೋಂದಣಿ ಮಾಡಿಸಿ, ಆಮೇಲೆ ಕೆಲಸಕ್ಕೆ ಸೇರಿ, ಎರಡೂವರೆ ವರ್ಷ ಬಿಟ್ಟು ಗಂಭೀರವಾಗಿ ಕೂತವರಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಮಾದರಿ ಕೈಯಲ್ಲಿ ಆಡುವ ಹಂತಕ್ಕೆ ಬರಲಿ, ಆಮೇಲೆ ನೋಂದಣಿ ಮಾಡಿಸಿ.

ರಾಜ್ಯದ ಎಲಿವೇಟ್

ಕರ್ನಾಟಕ ಸರ್ಕಾರ 2017ರಲ್ಲಿ ಶುರು ಮಾಡಿದ್ದು. ಐಟಿ ಬಿಟಿ ಇಲಾಖೆಯದು. 50 ಲಕ್ಷದವರೆಗೆ ಅನುದಾನ. ಕಂಪನಿಯಲ್ಲಿ ಪಾಲು ಕೇಳುವುದಿಲ್ಲ, ವಾಪಸ್ ಕೊಡಬೇಕಿಲ್ಲ. 50 ಅನ್ನುವುದು ಮೇಲಿನ ಮಿತಿ, ಗೆದ್ದ ಎಲ್ಲರಿಗೂ ಅಷ್ಟು ಬರುವುದಿಲ್ಲ. ಬರುವುದೂ ಕಂತಿನಲ್ಲಿ. ಮೊದಲ ಕಂತಿನ ಲೆಕ್ಕ ಒಪ್ಪಿಸಿದ ಮೇಲೆ ಮುಂದಿನದು. ಹಾಗಾಗಿ ಗೆದ್ದ ದಿನ ಬ್ಯಾಂಕ್ ಬ್ಯಾಲೆನ್ಸ್ ನೋಡಿ ಕೂತರೆ ನಿರಾಸೆ ಗ್ಯಾರಂಟಿ. ಬಾಡಿಗೆ, ಸಂಬಳಕ್ಕೆ ಬೇರೆ ದಾರಿ ಇಟ್ಟುಕೊಂಡೇ ಹೋಗಬೇಕು.

ನಮ್ಮ ಕಡೆಯವರಿಗೆ ಇದು ಒಗ್ಗುವ ದಾರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಬೇರೆ ವಿಭಾಗಗಳಿವೆ. ಇದರ ಜೊತೆಗೆ, 2025–30ರ ಸ್ಟಾರ್ಟಪ್ ನೀತಿ 25,000 ಹೊಸ ಸ್ಟಾರ್ಟಪ್‌ಗಳ ಗುರಿ ಇಟ್ಟುಕೊಂಡಿದೆ. ಅದರಲ್ಲಿ 10,000 ಬೆಂಗಳೂರಿನ ಹೊರಗೆ ಬರಬೇಕಂತೆ. ಅಂದರೆ ಮಂಡ್ಯದ ವಿಳಾಸ ಇಲ್ಲಿ ಕೊರತೆ ಅಲ್ಲ. ಅದನ್ನು ಮುಚ್ಚಿಟ್ಟು ಬೆಂಗಳೂರಿನ ಯಾವುದೋ ಕೋವರ್ಕಿಂಗ್ ವಿಳಾಸ ಹಾಕುವವರಿದ್ದಾರೆ. ಯಾಕೋ ನನಗೆ ಅರ್ಥವಾಗಿಲ್ಲ.

‘ಇಲ್ಲ’ ಅಂದರೆ? ಇಲ್ಲಿ ಪಿಚ್‌ವರೆಗೆ, ಅಂದರೆ ಎದುರು ನಿಂತು ಐಡಿಯಾ ವಿವರಿಸುವ ಹಂತದವರೆಗೆ ಹೋದವರಿಗೆ ತೀರ್ಪುಗಾರರ ಪ್ರಶ್ನೆಗಳು ಸಿಗುತ್ತವೆ. ಆ ಪ್ರಶ್ನೆಗಳೇ ಕಾರಣ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಪಿಚ್‌ಗೂ ಮುಂಚೆ ಬಿದ್ದರೆ ಮೇಲ್ ಬರೆದು ಕೇಳಿ. ಸರ್ಕಾರದ ಕಾರ್ಯಕ್ರಮ ಆದ್ದರಿಂದ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯ ದಾರಿಯೂ ಇದೆ. ನಮ್ಮ ರಾಜ್ಯದಲ್ಲಿ ಅದನ್ನು 150 ಪದದೊಳಗೆ ಬರೆಯಬೇಕು. ನಾನಂತೂ ಆ ದಾರಿಗೆ ಹೋಗಿಲ್ಲ. ಮುಂದಿನ ವರ್ಷ ಮತ್ತೆ ಅದೇ ಕೋಣೆಯಲ್ಲಿ ನಿಲ್ಲಬೇಕಲ್ವಾ ಅನ್ನುವ ಅಂಜಿಕೆ. ಹಾಗೆ ಅಂಜಬೇಕಿಲ್ಲ ಅಂತ ವಕೀಲ ಸ್ನೇಹಿತರೊಬ್ಬರು ಬೈಯುತ್ತಾರೆ.

ಕೇಂದ್ರದ ಸೀಡ್ ಫಂಡ್, ಪ್ರಯಾಸ್

ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ 945 ಕೋಟಿಯೊಂದಿಗೆ, ನಾಲ್ಕು ವರ್ಷದ ಲೆಕ್ಕದಲ್ಲಿ ಶುರುವಾಯಿತು. ಹಾಗಾಗಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಪೋರ್ಟಲ್‌ನಲ್ಲಿ ನೋಡಿಕೊಂಡೇ ಕೈ ಹಾಕಿ. ದುಡ್ಡು ನೇರವಾಗಿ ದೆಹಲಿಯಿಂದ ಬರುವುದಿಲ್ಲ, ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸುವ ಸಂಸ್ಥೆಯ ಮೂಲಕ ಬರುತ್ತದೆ. ಮಾದರಿ ಮಾಡಲು, ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಆಮೇಲೆ ಷೇರಾಗಿ ಬದಲಾಗುವ ಡಿಬೆಂಚರ್ ಅನ್ನುವ ಸಾಲಪತ್ರ. ಆ ಸಾಲಕ್ಕೆ ಜಾಮೀನು ಬೇಡ. ಬಡ್ಡಿ ರೆಪೊ ದರ (ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೀರುವಂತಿಲ್ಲ. ಅವಧಿ ಐದು ವರ್ಷದವರೆಗೆ. ಊರಿನ ಯಾವ ಬ್ಯಾಂಕ್ ಈ ಷರತ್ತಿಗೆ ಒಪ್ಪುತ್ತದೆ ಹೇಳಿ.

ಇದರ ಒಳ್ಳೆಯ ಗುಣ ಎಂದರೆ ಒಂದೇ ಅರ್ಜಿಯಲ್ಲಿ ಮೂರು ಇನ್‌ಕ್ಯುಬೇಟರ್‌ಗಳನ್ನು ಆಯ್ಕೆ ಮಾಡಬಹುದು. ಒಬ್ಬರು ಬೇಡ ಅಂದರೂ ಇನ್ನಿಬ್ಬರು ಇರುತ್ತಾರೆ. 45 ದಿನದಲ್ಲಿ ನಿರ್ಧಾರ ಹೇಳಬೇಕು ಅಂತ ನಿಯಮದಲ್ಲೇ ಇದೆ. ಮತ್ತೆ ಅರ್ಜಿ ಹಾಕಲೂ ಬಿಡುತ್ತಾರೆ. ಆದರೆ ಇನ್‌ಕ್ಯುಬೇಟರ್ ಆರಿಸುವಾಗ ಸುಮ್ನೆ ದೊಡ್ಡ ಹೆಸರು ನೋಡಿ ಟಿಕ್ ಮಾಡಬೇಡಿ. ಅವರು ಯಾವ ಬಗೆಯ ಕಂಪನಿಗಳಿಗೆ ದುಡ್ಡು ಕೊಟ್ಟಿದ್ದಾರೆ ನೋಡಿ. ನಾವು ಒಂದು ಕಡೆ ಹಾಕಿದ್ದು ಅವರ ಹೆಸರಿನ ಮೋಹಕ್ಕೆ. ಆಮೇಲೆ ನೋಡಿದರೆ ಅವರ ಪಟ್ಟಿಯಲ್ಲಿ ಹತ್ತಕ್ಕೆ ಒಂಬತ್ತು ಸಾಫ್ಟ್‌ವೇರ್. ನಮ್ಮ ಕೊಪ್ಪರಿಗೆ, ಹೊಗೆ, ಬೆಲ್ಲ ಅವರಿಗೆ ತಲೆಗೆ ಹತ್ತಲೇ ಇಲ್ಲ. ಅದು ನಮ್ಮ ಎರಡನೇ ‘ಇಲ್ಲ’. ತಪ್ಪು ನಮ್ಮದೇ.

ಮೈಸೂರಿನಲ್ಲಿದ್ದುಕೊಂಡು ಈ ವಿಷಯದಲ್ಲಿ ಅಲೆಯಬೇಕಿಲ್ಲ. ಎಸ್‌ಜೆಸಿಇ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸ್ಟೆಪ್ ಇದೆ, ಹಳೆಯ ಇನ್‌ಕ್ಯುಬೇಟರ್. ಆಹಾರದ ಉತ್ಪನ್ನ ಆದರೆ ಚೆಲುವಾಂಬ ಮಹಲ್‌ನಲ್ಲಿರುವ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಮಂಡ್ಯದವರಿಗೆ ಕಬ್ಬು, ಭತ್ತ, ರಾಗಿ ವಿಷಯದಲ್ಲಿ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಇದೆ. ಅರ್ಜಿ ಹಾಕುವ ಮುಂಚೆ ಒಂದು ಸಲ ಹೋಗಿ ಮಾತಾಡಿಕೊಂಡು ಬನ್ನಿ. ಬಸ್ ಚಾರ್ಜಿನಲ್ಲಿ ಮುಗಿಯುವ ಕೆಲಸ.

ಪ್ರಯಾಸ್ ಅನ್ನುವುದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ ಯೋಜನೆಯ ಒಂದು ಕೊಂಬೆ. ಕೈಯಲ್ಲಿ ಹಿಡಿಯುವಂಥ ವಸ್ತು ಮಾಡುವವರಿಗೆ, ಮಾದರಿಗೆ ಅಂತ 10 ಲಕ್ಷದವರೆಗೆ. ಬರೀ ಆ್ಯಪ್ ಮಾಡುವವರಿಗಲ್ಲ. ಕಂಪನಿ ಇಲ್ಲದೆಯೂ ಹಾಕಬಹುದು. ವರ್ಕ್‌ಶಾಪ್‌ನಲ್ಲಿ ಕೈ ಕಪ್ಪು ಮಾಡಿಕೊಂಡು ಏನೋ ಮಾಡುತ್ತಿರುವ ಐಟಿಐ, ಡಿಪ್ಲೊಮಾ ಹುಡುಗರು ಮೊದಲು ನೋಡಬೇಕಾದ್ದು ಇದನ್ನೇ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲೊಂದು ಸೂಕ್ಷ್ಮ ಇದೆ, ಎಷ್ಟೋ ಜನ ಎಡವುವುದು ಇಲ್ಲೇ. ಬೇರೆ ಸರ್ಕಾರಿ ಯೋಜನೆಗಳಿಂದ 10 ಲಕ್ಷಕ್ಕಿಂತ ಜಾಸ್ತಿ ಪಡೆದಿದ್ದರೆ ಸೀಡ್ ಫಂಡ್ ಸಿಗುವುದಿಲ್ಲ. ರಾಜ್ಯದ ಅನುದಾನವೂ ಆ ಲೆಕ್ಕಕ್ಕೆ ಬರುತ್ತದೆ. ಸ್ಪರ್ಧೆಯಲ್ಲಿ ಗೆದ್ದ ಬಹುಮಾನ ಬರುವುದಿಲ್ಲ. ಅಂದರೆ ಎಲಿವೇಟ್‌ನಲ್ಲಿ 25 ಲಕ್ಷ ಗೆದ್ದವರು ಸೀಡ್ ಫಂಡ್ ಮರೆಯಬೇಕು. ಮೊದಲು ಪ್ರಯಾಸ್, ಆಮೇಲೆ ಸೀಡ್ ಫಂಡ್, ಆಮೇಲೆ ಎಲಿವೇಟ್. ಈ ವರಸೆಯಲ್ಲಿ ಹೋದರೆ ಒಂದು ಬಾಗಿಲು ಇನ್ನೊಂದನ್ನು ಮುಚ್ಚುವ ಭಯ ಕಡಿಮೆ. ಆಯಾ ಅಧಿಸೂಚನೆ ಓದಿಯೇ ಹೆಜ್ಜೆ ಇಡಿ.

ವೈ ಕಾಂಬಿನೇಟರ್ ಅನ್ನುವ ಮಾಯೆ

ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಜಾಸ್ತಿ ಕೇಳಿಬರುವ ಹೆಸರು ಇದು. ಹೊಸ ಕಂಪನಿಗಳಿಗೆ ದುಡ್ಡು, ತರಬೇತಿ ಕೊಟ್ಟು ಪಾಲು ತೆಗೆದುಕೊಳ್ಳುವ ಸಂಸ್ಥೆ, 2005ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಆಯ್ಕೆಯಾದರೆ 5 ಲಕ್ಷ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿಗೂ ಮೇಲೆ. ಅದರಲ್ಲಿ 1,25,000 ಡಾಲರ್‌ಗೆ ಕಂಪನಿಯ ಶೇ 7ರಷ್ಟು ಪಾಲು ಹೋಗುತ್ತದೆ. ಉಳಿದ 3,75,000 ಡಾಲರ್‌ಗೆ ಪಾಲು ಎಷ್ಟು ಅನ್ನುವುದು ಮುಂದಿನ ಹೂಡಿಕೆದಾರರು ಬಂದಾಗ, ಅವರಿಗೆ ಸಿಕ್ಕ ಷರತ್ತಿನ ಮೇಲೆ ತೀರ್ಮಾನವಾಗುತ್ತದೆ. ಬೆಂಗಳೂರಿನ ಕಂಪನಿಗಳಾದ ರೇಜರ್‌ಪೇ 2015ರಲ್ಲಿ, ಮೀಶೋ 2016ರಲ್ಲಿ, ಗ್ರೋ 2018ರಲ್ಲಿ ಇಲ್ಲಿಂದ ಹೊರಬಂದವು. ಆಸೆ ಹುಟ್ಟುವುದು ಸಹಜ ಬಿಡಿ.

ಅರ್ಜಿಗೆ ಶುಲ್ಕ ಇಲ್ಲ. ಬೆಂಗಳೂರಿಗೂ ಹೋಗಬೇಕಿಲ್ಲ. ಈಗ ವರ್ಷಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಾರೆ. ಫಾರಂ ನೋಡಿದರೆ ಸುಲಭ ಅನ್ನಿಸುತ್ತದೆ. ಕಂಪನಿ ಏನು ಮಾಡುತ್ತದೆ ಅಂತ 50 ಅಕ್ಷರದಲ್ಲಿ ಬರೆಯಿರಿ ಅನ್ನುತ್ತಾರೆ. ಪದ ಅಲ್ಲ, ಅಕ್ಷರ. ಕಷ್ಟ ಇರುವುದೇ ಅಲ್ಲಿ. ಸ್ಥಾಪಕರು ಮಾತಾಡುವ ಒಂದು ನಿಮಿಷದ ವಿಡಿಯೊ ಬೇಕು. ಸಂದರ್ಶನಕ್ಕೆ ಕರೆದರೆ ಅದು ಹತ್ತೇ ನಿಮಿಷ. ಕರೆ ಬರುವುದೇ ಅಪರೂಪ, ನೂರು ಅರ್ಜಿಯಲ್ಲಿ ಕೊನೆಗೆ ಉಳಿಯುವುದು ಒಂದೋ ಎರಡೋ.

ನಮ್ಮ ಊರಿನವರು ಕೇಳದೇ ಬಿಡುವ ಪ್ರಶ್ನೆ ಒಂದಿದೆ. ಭಾರತದಲ್ಲಿ ನೋಂದಣಿಯಾದ ಕಂಪನಿಗೆ ಅವರು ನೇರವಾಗಿ ದುಡ್ಡು ಹಾಕುವುದಿಲ್ಲ. ಮೂಲ ಕಂಪನಿ ಅಮೆರಿಕ, ಸಿಂಗಾಪುರದಂಥ ಕಡೆ ಇರಬೇಕು. ಇಲ್ಲಿಯದು ಅದರ ಕೈಕೆಳಗಿನ ಕಂಪನಿ ಆಗುತ್ತದೆ. ಆಗ ಭಾರತೀಯ ಪ್ರವರ್ತಕರ ಪಾಲು ಶೇ 51 ಇರಬೇಕು ಅನ್ನುವ ನಮ್ಮ ಸರ್ಕಾರಿ ಯೋಜನೆಗಳ ಷರತ್ತು ಏನಾಗುತ್ತದೆ, ಯೋಚಿಸಿ. ಆಮೇಲೆ ಇಲ್ಲಿನ ಷೇರು ಪೇಟೆಗೆ ಬರಬೇಕು ಅನ್ನಿಸಿದರೆ ಕಂಪನಿಯನ್ನು ವಾಪಸ್ ತರಬೇಕು, ತೆರಿಗೆ ಕಟ್ಟಬೇಕು. ಗ್ರೋ 2024ರಲ್ಲಿ ಹಾಗೆ ವಾಪಸ್ ಬಂದಾಗ ಸಾವಿರ ಕೋಟಿಗೂ ಮಿಕ್ಕಿ ತೆರಿಗೆ ಕಟ್ಟಿತು. ಆಲೆಮನೆಗೆ ಮೀಟರ್ ಮಾರುವ ನಮಗೆ ಇದೆಲ್ಲ ಯಾಕೆ ಬೇಕಿತ್ತೋ! ಆದರೆ ಜಗತ್ತಿನ ಎಲ್ಲ ಕಡೆ ಮಾರುವ ಸಾಫ್ಟ್‌ವೇರ್ ಮಾಡುವವರಿಗೆ ಈ ಕಷ್ಟ ಪಟ್ಟರೂ ಲಾಭ ಇದೆ. ಅವರು ಖಂಡಿತ ಹಾಕಲಿ.

ಅರ್ಜಿಯ ಹಂತದಲ್ಲೇ ಬಿದ್ದರೆ ಕಾರಣ ಸಿಗುವುದಿಲ್ಲ ಅಂದುಕೊಳ್ಳಿ. ಸಾವಿರಾರು ಅರ್ಜಿ, ಯಾರು ಬರೆಯುತ್ತಾರೆ? ಸಂದರ್ಶನದವರೆಗೆ ಹೋಗಿ ಬಿದ್ದರೆ ಮಾತ್ರ ಕಾರಣ ಬರೆದು ಕಳಿಸುತ್ತಾರೆ. ಮತ್ತೆ ಹಾಕಬಹುದು, ಎಷ್ಟು ಸಲ ಬೇಕಾದರೂ. ಡ್ರಾಪ್‌ಬಾಕ್ಸ್ ಕಂಪನಿ ಕಟ್ಟಿದ ಡ್ರೂ ಹ್ಯೂಸ್ಟನ್ ಕೂಡ ಮೊದಲ ಸಲ ಬೇರೆ ಐಡಿಯಾ ಹಿಡಿದು ಹೋಗಿ, ಬೇಡ ಅನ್ನಿಸಿಕೊಂಡು, 2007ರಲ್ಲಿ ಒಳಗೆ ಹೋದವರು. ಈ ಕಥೆಯನ್ನು ಸೋತ ರಾತ್ರಿ ನನಗೆ ನಾಲ್ಕು ಜನ ವಾಟ್ಸ್ಆ್ಯಪ್ ಮಾಡಿದರು. ಅದರಿಂದ ನಿದ್ದೆಯೇನೂ ಬರಲಿಲ್ಲ.

ಆದರೂ ಈ ಫಾರಂನಿಂದ ಒಂದು ಲಾಭ ಇದೆ. ಅರ್ಜಿ ಕಳಿಸದೇ ಇದ್ದರೂ ಒಂದು ಸಂಜೆ ಕೂತು ತುಂಬಿ ನೋಡಿ. ಅದರ ಪ್ರಶ್ನೆಗಳು ಗಟ್ಟಿ. ನಾವು ಮೊದಲ ಸಲ 50 ಅಕ್ಷರದಲ್ಲಿ ಬರೆದಿದ್ದು ‘ಗ್ರಾಮೀಣ ಆಹಾರ ಸಂಸ್ಕರಣೆಗೆ ಸ್ಮಾರ್ಟ್ ವೇದಿಕೆ’ ಅನ್ನುವ ಅರ್ಥದ ಏನೋ ಒಂದು ಇಂಗ್ಲಿಷ್ ಸಾಲು. ಅದನ್ನು ಓದಿ ನನ್ನ ಅಮ್ಮ ‘ಇದೇನು, ಮೀಟ್ರು ಮಾಡೋದು ಬಿಟ್ಬಿಟ್ರಾ?’ ಅಂತ ಕೇಳಿದರು.

ಬ್ಯಾಂಕು, ಸಬ್ಸಿಡಿ

ಸ್ಟಾರ್ಟಪ್ ಅನ್ನುವವರು ಈ ಕಡೆ ತಿರುಗಿಯೂ ನೋಡುವುದಿಲ್ಲ. ಸಾಲ ಅಂದರೆ ಏನೋ ಕೀಳು, ಫಂಡಿಂಗ್ ಅಂದರೆ ಗೌರವ. ನನಗೂ ಹಾಗೇ ಇತ್ತು.

ಪಿಎಂಇಜಿಪಿ ಅಂದರೆ ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಅದರಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಹಾಕಬಹುದು, ಸೇವೆಗೆ 20 ಲಕ್ಷ. ಹಳ್ಳಿಯಲ್ಲಿ ಘಟಕ ಇಟ್ಟರೆ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ ಮುಂತಾದವರಿಗೆ ಶೇ 35 ಸಬ್ಸಿಡಿ. ಪಟ್ಟಣದಲ್ಲಿ ಶೇ 15 ಮತ್ತು 25. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶೆಡ್ ಹುಡುಕುವವರು ಈ ಹತ್ತು ಪರ್ಸೆಂಟ್ ವ್ಯತ್ಯಾಸ ನೋಡಿಕೊಳ್ಳಿ. ಊರಲ್ಲಿ ಅಪ್ಪನ ಜಾಗ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಸಬ್ಸಿಡಿ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಹೊಸ ಘಟಕಕ್ಕೆ ಮಾತ್ರ.

ಆಹಾರದ ಕೆಲಸ ಆದರೆ ಸಣ್ಣ ಆಹಾರ ಘಟಕಗಳಿಗೆ ಸಬ್ಸಿಡಿ ಕೊಡುವ ಪಿಎಂಎಫ್‌ಎಂಇ ಯೋಜನೆ ನೋಡಿ. 2020ರಲ್ಲಿ ಬಂದದ್ದು. ಕೇಂದ್ರದಿಂದ ಶೇ 35, 10 ಲಕ್ಷದವರೆಗೆ. ಕರ್ನಾಟಕ ಅದರ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, 15 ಲಕ್ಷದವರೆಗೆ ಮಾಡಿದೆ. ಒಂದು ಜಿಲ್ಲೆ ಒಂದು ಉತ್ಪನ್ನದ ಪಟ್ಟಿಯಲ್ಲಿ ಮಂಡ್ಯಕ್ಕೆ ಬೆಲ್ಲ. ಯೋಜನಾ ವರದಿ ಬರೆಯಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿದ್ದಾರೆ, ನಾವು ಅವರಿಗೆ ದುಡ್ಡು ಕೊಡಬೇಕಿಲ್ಲ. ಚಿಕ್ಕ ಮೊತ್ತಕ್ಕೆ ಮುದ್ರಾ ಸಾಲ ಇದೆ: 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಹಳೆಯ ತರುಣ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ.

ಈಗ ‘ಇಲ್ಲ’ದ ವಿಷಯ. ಕೇಳಿದರೆ ಆಶ್ಚರ್ಯ ಆಗಬಹುದು, ಇವರೆಲ್ಲರಲ್ಲಿ ಕಾರಣವನ್ನು ಬರಹದಲ್ಲಿ ಕೊಡಲೇಬೇಕಾದವರು ಬ್ಯಾಂಕಿನವರು. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣಗಳನ್ನು ಬರೆದು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತದೆ. ನಾವು ಮಾತ್ರ ಕೇಳುವುದೇ ಇಲ್ಲ. ಮ್ಯಾನೇಜರ್ ‘ಸದ್ಯಕ್ಕೆ ಆಗಲ್ಲ’ ಅಂದರೆ ಫೈಲ್ ಎತ್ತಿಕೊಂಡು ಬಂದುಬಿಡುತ್ತೇವೆ.

ನಾವೂ ಮೊದಲು ಬಂದೆವು. ಮರುದಿನ ಹೋಗಿ ಒಂದು ಪತ್ರ ಕೊಟ್ಟು ಕಾರಣ ಕೇಳಿದೆವು. ಮ್ಯಾನೇಜರ್‌ಗೆ ಸಿಟ್ಟೇನೂ ಬರಲಿಲ್ಲ. ಹತ್ತು ದಿನಕ್ಕೆ ಕಾಗದ ಬಂತು. ಎರಡು ಕಾರಣ. ಒಂದು, ನನ್ನ ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿ. ಇನ್ನೊಂದು ಮಜವಾಗಿತ್ತು. ನಾವು ಕೊಟ್ಟ ಲೆಕ್ಕದಲ್ಲಿ ಹನ್ನೆರಡು ತಿಂಗಳೂ ಒಂದೇ ಸಮ ಮಾರಾಟ. ‘ಈ ಉದ್ಯಮದಲ್ಲಿ ಇದು ನಂಬುವಂತಿಲ್ಲ’ ಅಂತ ಬರೆದಿದ್ದರು. ನಿಜ ತಾನೆ? ಜೋರು ಮಳೆಯಲ್ಲಿ ಕಬ್ಬಿನ ಸಿಪ್ಪೆ ಒಣಗುವುದಿಲ್ಲ, ಸಿಪ್ಪೆ ಒಣಗದಿದ್ದರೆ ಒಲೆ ಉರಿಯುವುದಿಲ್ಲ. ಆ ತಿಂಗಳು ಯಾರು ಮೀಟರ್ ಕೊಳ್ಳುತ್ತಾರೆ? ಇದು ಗೊತ್ತಿದ್ದೂ ಎಕ್ಸೆಲ್‌ನಲ್ಲಿ ಒಂದು ಸಂಖ್ಯೆ ಹಾಕಿ ಹನ್ನೆರಡು ಮನೆಗೆ ಎಳೆದಿದ್ದೆವು. ಮಳೆಗಾಲದ ತಿಂಗಳು ಇಳಿಸಿ, ಕಾರ್ಡಿನ ಬಾಕಿ ತೀರಿಸಿ, ಬೇರೆ ಬ್ಯಾಂಕಿಗೆ ಅದೇ ಫೈಲ್ ಕೊಟ್ಟಾಗ 6 ಲಕ್ಷ ಸಿಕ್ಕಿತು. ನಮ್ಮ ಐದನೇ ಅರ್ಜಿ ಅದೇ.

ಒಂದು ಎಚ್ಚರಿಕೆ. ಬೇರೆ ಕಡೆಯ ‘ಇಲ್ಲ’ಗಳು ಗುರುತು ಉಳಿಸುವುದಿಲ್ಲ. ಬ್ಯಾಂಕಿಗೆ ಹಾಕಿದ ಪ್ರತಿ ಸಾಲದ ಅರ್ಜಿಯೂ ನಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಕೂರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕ್ ಸುತ್ತಿದರೆ ಸ್ಕೋರ್ ಇಳಿಯುತ್ತದೆ. ಒಂದೊಂದಾಗಿ ಹೋಗಿ.

‘ಇಲ್ಲ’ ಬಂದ ಮೇಲೆ

ಮೊದಲ ಮೂರು ದಿನ ಏನೂ ಮಾಡಬೇಡಿ. ಸಿಟ್ಟಿನಲ್ಲಿ ಲಿಂಕ್ಡ್‌ಇನ್‌ನಲ್ಲಿ ಬರೆಯಬೇಡಿ. ಜೊತೆಗಾರನ ಮೇಲೆ ಹಾರಬೇಡಿ. ನಾನು ಹಾರಿದ್ದೆ. ‘ವಿಡಿಯೊದಲ್ಲಿ ನೀನು ಜಾಸ್ತಿ ಮಾತಾಡಿದೆ’ ಅಂದೆ. ಎರಡು ವಾರ ನಮ್ಮ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ದುಡ್ಡು ಸಿಗದಿದ್ದಕ್ಕಿಂತ ಅದೇ ಹೆಚ್ಚು ನಷ್ಟ.

ಮನೆಯವರಿಗೆ ಹೇಳುವುದು ಇನ್ನೊಂದು ಕಷ್ಟ. ಬೆಂಗಳೂರಿನಲ್ಲಿ ಸ್ಟಾರ್ಟಪ್ ಸೋತರೆ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಎದುರಿನ ಸಾಲಿನಿಂದ ‘ಏನಾಯ್ತಪ್ಪ ನಿನ್ನ ಅಮೆರಿಕಾ ದುಡ್ಡು?’ ಅಂತ ಪ್ರಶ್ನೆ ಬರುತ್ತದೆ, ಪಾಯಸ ಬಾಯಲ್ಲಿರುವಾಗಲೇ. ಅದಕ್ಕೇ ಅರ್ಜಿ ಹಾಕಿದ್ದನ್ನು ಊರಿಗೆಲ್ಲ ಹೇಳಬೇಡಿ ಅನ್ನುತ್ತೇನೆ. ಹೆಂಡತಿಗೋ ಗಂಡನಿಗೋ, ಅಪ್ಪ ಅಮ್ಮನಿಗೋ ಹೇಳಿ, ಸಾಕು. ಅವರಿಗೂ ಗೆದ್ದರೆ ಎಷ್ಟು ಬರುತ್ತದೆ ಅಂತ ಹೇಳುವ ಬದಲು ಸಿಗದಿದ್ದರೆ ಎಷ್ಟು ತಿಂಗಳು ನಡೆಸುತ್ತೇವೆ ಅಂತ ಹೇಳಿ. ಅವರು ಕೇಳಬೇಕೆಂದಿರುವುದೂ ಅದೇ.

ಆಮೇಲೆ ಕಾರಣ ಹುಡುಕಿ. ಕಾರಣ ಬರೆದು ಕಳಿಸಿದ್ದರೆ ಸರಿ. ಇಲ್ಲದಿದ್ದರೆ ಪಿಚ್‌ನಲ್ಲಿ ಕೇಳಿದ ಪ್ರಶ್ನೆಗಳನ್ನು ಅದೇ ದಿನ ಬರೆದಿಡಿ. ಎರಡು ಸಲ ಕೇಳಿದ ಪ್ರಶ್ನೆ ಯಾವುದು? ನೀವು ನುಣುಚಿಕೊಂಡ ಪ್ರಶ್ನೆ ಯಾವುದು? ಒಂದು ಅನುದಾನದ ಪಿಚ್‌ಗೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆವು. ತೀರ್ಪುಗಾರರಲ್ಲಿ ಒಬ್ಬರು ಹೆಂಗಸು, ಕನ್ನಡದಲ್ಲೇ ಕೇಳಿದರು: ‘ಎಷ್ಟು ಆಲೆಮನೆಯವರು ದುಡ್ಡು ಕೊಟ್ಟಿದ್ದಾರೆ?’ ಜೊತೆಗಾರ, ‘ಮೇಡಂ, ಹನ್ನೆರಡು ಕಡೆ ಟ್ರಯಲ್ ನಡೀತಿದೆ’ ಅಂದ. ‘ನಾನು ಕೇಳಿದ್ದು ದುಡ್ಡು’ ಅಂದರು. ಮುಂದಿನ ಸ್ಲೈಡ್ ತೆರೆದೆವು. ವಾಪಸ್ ಬರುವಾಗ ರೈಲಿನಲ್ಲಿ ಮದ್ದೂರು ದಾಟುವ ತನಕ ಇಬ್ಬರೂ ಮಾತಾಡಲಿಲ್ಲ. ಫಲಿತಾಂಶ ಬರುವ ಮುಂಚೆಯೇ ಕಾರಣ ಗೊತ್ತಾಗಿತ್ತು.

ಆ ವಾರವೇ ಪಾಂಡವಪುರದ ಹತ್ತಿರದ ಆಲೆಮನೆಗೆ ಹೋದೆವು. ಆರು ತಿಂಗಳಿಂದ ನಮ್ಮ ಮೀಟರ್ ಪುಕ್ಕಟೆ ಇಟ್ಟುಕೊಂಡಿದ್ದ ಗೌಡರು. ‘ಇನ್ನು ದುಡ್ಡು ಕೊಡಬೇಕಾಗುತ್ತೆ ಗೌಡ್ರೇ’ ಅಂದಾಗ ಅವರು ನಕ್ಕು ಒಳಗೆ ಕರೆದುಕೊಂಡು ಹೋದರು. ಕೊಪ್ಪರಿಗೆ ಪಕ್ಕದ ಕಂಬದಲ್ಲಿ ನಮ್ಮ ಮೀಟರ್ ನೇತಾಡುತ್ತಿತ್ತು. ಗಾಜಿನ ಮೇಲೆ ಬೆಲ್ಲದ ಜಿಗುಟು, ಅದರ ಮೇಲೆ ಮಸಿ. ‘ನಿನ್ ಮೀಟ್ರು ಹೇಳಾದು ಸರಿ ಕಣಪ್ಪ. ಆದ್ರೆ ಹೊಗೆ ಹತ್ತಿ ಮೂರ್ ದಿನುಕ್ಕೆ ಅದುಕ್ಕೇ ಕಣ್ ಕಾಣಲ್ವಲ್ಲ’ ಅಂದರು. ಅಲ್ಲಿ ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ. ಹದ ನೋಡುವ ಅಜ್ಜ ತಣ್ಣೀರಿನ ಬಟ್ಟಲು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಹನ್ನೆರಡು ಟ್ರಯಲ್ ಅಂದಿದ್ದು ಇದನ್ನೇ!

ಪರದೆಯನ್ನು ಕೊಪ್ಪರಿಗೆಯಿಂದ ದೂರ ಇಟ್ಟೆವು. ಅಂಕಿ ದೊಡ್ಡದು ಮಾಡಿದೆವು. 116 ದಾಟಿದರೆ ಕೂಗುವ ಹಾರನ್ ಹಾಕಿದೆವು, ಆಟೊದಲ್ಲಿ ಇರುತ್ತದಲ್ಲ, ಅಂಥದ್ದೇ. ಗಾಣದ ಸದ್ದಿನಲ್ಲೂ ಅದು ಕೇಳುತ್ತದೆ. ಬ್ಯಾಂಕಿನ 6 ಲಕ್ಷ ಹೋಗಿದ್ದು ಇದಕ್ಕೇ.

ಹಾಗಾದರೆ ಯಾರು ಎಲ್ಲಿ?

ವಸ್ತು ಇನ್ನೂ ಮೇಜಿನ ಮೇಲಿದ್ದರೆ, ಕಂಪನಿ ಇಲ್ಲದಿದ್ದರೆ, ಪ್ರಯಾಸ್. ಕಂಪನಿಗೆ ಎರಡು ವರ್ಷ ಆಗಿಲ್ಲ, ಮಾದರಿ ಇದೆ ಅಂದರೆ ಸೀಡ್ ಫಂಡ್. ಕರ್ನಾಟಕದಲ್ಲೇ ಬೇರೂರಿ ನಿಲ್ಲುವ ಯೋಚನೆ ಇದ್ದರೆ, ಕಂತಿಗೆ ಕಾಯುವ ತಾಳ್ಮೆ ಇದ್ದರೆ ಎಲಿವೇಟ್. ಗಿರಾಕಿಗಳು ಈಗಾಗಲೇ ದುಡ್ಡು ಕೊಡುತ್ತಿದ್ದು, ಬೇಕಾಗಿರುವುದು ಯಂತ್ರ, ಶೆಡ್ಡು, ಕಚ್ಚಾ ಮಾಲು ಅಂದರೆ ಬ್ಯಾಂಕ್. ಬೆಲ್ಲ, ಬಾಳೆ, ಉಪ್ಪಿನಕಾಯಿ, ರಾಗಿ ಮಾಲ್ಟ್ ಮಾಡುವವರು ಹೂಡಿಕೆದಾರರ ಹಿಂದೆ ಓಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಅರ್ಧ ದುಡ್ಡು ಸಬ್ಸಿಡಿಯಲ್ಲೇ ಸಿಗುವಾಗ ಕಂಪನಿಯ ಪಾಲು ಯಾಕೆ ಕೊಡಬೇಕು? ಅಮೆರಿಕದ ದಾರಿ, ಮಾರುಕಟ್ಟೆ ಅಮೆರಿಕದಲ್ಲೇ ಇರುವವರಿಗೆ.

ಒಂದು ಅರ್ಜಿಗೆ ಎಷ್ಟು ದಿನ ಅಂತ ಮೊದಲೇ ನಿಗದಿ ಮಾಡಿಕೊಳ್ಳಿ. ಈಗ ನಮ್ಮದು ಒಂದು ವಾರ. ಅದರಲ್ಲೂ ಅರ್ಧ ದಿನ ಆಲೆಮನೆಯಲ್ಲಿ ಇರಲೇಬೇಕು ಅನ್ನುವ ಕರಾರು.

ಮೊನ್ನೆ ಮತ್ತೊಂದು ಫಾರಂ ತುಂಬುತ್ತಾ ಕೂತಿದ್ದೆವು. ಅದರಲ್ಲಿ ಒಂದು ಪ್ರಶ್ನೆ: ಹೋದ ಸಲ ಅರ್ಜಿ ಹಾಕಿದ ಮೇಲೆ ಏನು ಬದಲಾಗಿದೆ? ಜೊತೆಗಾರ ಒಂದು ಉದ್ದ ಪ್ಯಾರಾ ಬರೆದ. ನಾನು ಅಳಿಸಿದೆ. ಕೊನೆಗೆ ಎರಡೇ ಸಾಲು ಉಳಿಯಿತು. ಏಳು ಆಲೆಮನೆಯವರು ದುಡ್ಡು ಕೊಟ್ಟು ಕೊಂಡಿದ್ದಾರೆ. ಒಬ್ಬರು ಎರಡನೆಯದಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆ. ಅದು ಪಾಂಡವಪುರದ ಗೌಡರು. ಅವರು ಕೇಳುತ್ತಿರುವುದು ಹಾರನ್ ಸ್ವಲ್ಪ ಮೆಲ್ಲಗೆ ಕೂಗುವಂಥದ್ದು, ಎಮ್ಮೆ ಬೆದರುತ್ತದಂತೆ.